ಸಾಲು ತಪ್ಪಿದ ಹೆಸರುಗಳು

ಬೆಳಗ್ಗೆ ಎದ್ದ ಕೂಡಲೇ ಏನು ಕಂಡರೆ ನಿಮಗೆ ಸಮಾಧಾನವೋ ನನಗೆ ಗೊತ್ತಿಲ್ಲ. ಕೆಲವರಿಗೆ ದೇವರ ಪಟ, ಕೆಲವರಿಗೆ ಬಾಗಿಲಲ್ಲಿ ಹಾಲಿನ ಪ್ಯಾಕೆಟ್ಟು. ನನಗೆ ಕಪ್ಪು ಪರದೆಯ ಮೇಲೆ ಸಾಲಾಗಿ ನಿಂತ ಫೈಲುಗಳ ಹೆಸರು. ದಕ್ಷಿಣ ದೆಹಲಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಕಸುಬಿನವರು ಮೌಸ್ ಹಿಡಿದು ಚಿತ್ರಗಳನ್ನು ಒತ್ತುವುದು ಕಡಿಮೆ. ಪರದೆಯಲ್ಲಿ ‘ಎಲ್ ಎಸ್’ ಎಂದು ಎರಡಕ್ಷರ ಟೈಪ್ ಮಾಡಿ ಎಂಟರ್ ಒತ್ತಿದರೆ, ಆ ಫೋಲ್ಡರಿನಲ್ಲಿರುವ ಎಲ್ಲದರ ಹೆಸರೂ ಬಂದು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ನೆಟ್ಟಗೆ ಕಾಲಂಗಳಲ್ಲಿ ನಿಲ್ಲುತ್ತವೆ. ಅದನ್ನು ನೋಡಲು ನಾನು ದಿನಕ್ಕೆ ಹತ್ತು ಸಲ ಸುಮ್ಮನೆ ಎಲ್ ಎಸ್ ಕೊಡುವುದುಂಟು. ಏನೂ ಬೇಕಾಗಿರುವುದಿಲ್ಲ. ಕೆಲವರು ಆಗಾಗ ಫ್ರಿಜ್ ತೆಗೆದು ನೋಡಿ ಮುಚ್ಚುತ್ತಾರಲ್ಲ, ಹಾಗೆ.

ಈ ಚಟ ನನಗೆ ಅಮ್ಮನಿಂದ ಬಂದದ್ದು. ನನ್ನ ಅಮ್ಮ ಸುಮತಿ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು. ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಾನು ಬೆಳೆದೆ. ಆ ಎರಡಂತಸ್ತಿನ ಹಳದಿ ಮನೆಗಳೆಲ್ಲ ಈಗ ಹೋಗಿ ಅಲ್ಲಿ ದೊಡ್ಡ ದೊಡ್ಡ ಗೋಪುರಗಳು ಎದ್ದಿವೆ. ಆಗ ನಮ್ಮದು ಒಂದೂವರೆ ಕೋಣೆ, ಹಿಂದೆ ಒಂದು ಅಂಗಳ, ಅಂಗಳದಲ್ಲಿ ಒಂದು ಮೇಜು, ಮೇಜಿನ ಮೇಲೆ ಅಮ್ಮ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಟೈಪ್‌ರೈಟರ್. ಮುನಿರ್ಕಾದಲ್ಲಿ ಬಾಡಿಗೆಗಿದ್ದ ಕರ್ನಾಟಕದ ವಿದ್ಯಾರ್ಥಿಗಳು ತಮ್ಮ ಇಂಗ್ಲಿಷ್ ಥೀಸಿಸ್ಸುಗಳನ್ನು ಅಮ್ಮನ ಹತ್ತಿರ ಟೈಪ್ ಮಾಡಿಸಲು ತರುತ್ತಿದ್ದರು. ಬರೀ ಬರಹವಾದರೆ ಅಮ್ಮ ನಮ್ಮೊಡನೆ ಮಾತಾಡುತ್ತಿದ್ದಂತೆಯೇ ಅವಳ ಬೆರಳು ಓಡುತ್ತಿತ್ತು. ಪಟ್ಟಿ ಬಂದರೆ ಮಾತ್ರ ಮನೆಯಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಳ್ಳಬೇಕು.

ಪಟ್ಟಿ ಟೈಪ್ ಮಾಡುವುದೆಂದರೆ ಏನೆಂದು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಮೊದಲು ಎಲ್ಲ ಹೆಸರುಗಳನ್ನೂ ಓದಬೇಕು. ಅದರಲ್ಲಿ ಅತಿ ಉದ್ದದ್ದು ಯಾವುದೆಂದು ಹುಡುಕಬೇಕು. ಅದರ ಅಕ್ಷರ ಎಣಿಸಿ, ಮೂರು ಜಾಗ ಖಾಲಿ ಬಿಟ್ಟು, ಮುಂದಿನ ಕಾಲಂ ಎಲ್ಲಿ ಶುರುವಾಗಬೇಕೆಂದು ಮೆಷಿನ್ನಿಗೆ ಗುರುತು ಹಾಕಬೇಕು. ಓದುವ ಕೆಲಸ ನನ್ನದು. ನಾನು ಹೆಸರುಗಳನ್ನು ಹೇಳುತ್ತ ಹೋದರೆ ಅಮ್ಮ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿ ಎಣಿಸುತ್ತಿದ್ದಳು. ನನಗೆ ಆಗ ಏಳೆಂಟು ವರ್ಷ. ಉದ್ದ ಹೆಸರಿನವರೆಲ್ಲ ದೊಡ್ಡ ಆಫೀಸರುಗಳೆಂದೇ ತಿಳಿದುಕೊಂಡಿದ್ದೆ. ಅವರೊಬ್ಬರಿಗಾಗಿ ಉಳಿದ ಎಲ್ಲರಿಗೂ ಜಾಗ ದೊಡ್ಡದಾಗುತ್ತಿತ್ತಲ್ಲ.

ನನ್ನ ಹೆಸರೂ ಉದ್ದದ್ದೇ, ವಿಶಾಲಾಕ್ಷಿ. ಮೂರನೆಯ ತರಗತಿಯಲ್ಲಿ ಶಾಲೆಯ ಹಾಜರಿ ಪಟ್ಟಿಯಲ್ಲಿ ಅದು ಹಿಡಿಯದೆ, ಗುಮಾಸ್ತರು ‘ವಿಶಾಲ್’ ಎಂದು ಬರೆದು ನಿಲ್ಲಿಸಿದರು. ಟೀಚರ್ ಹೊಸಬರು. ಆಟದ ದಿನ ಪಟ್ಟಿ ನೋಡಿ ನನ್ನನ್ನು ಹುಡುಗರ ಕಬಡ್ಡಿ ತಂಡಕ್ಕೆ ಸೇರಿಸಿದರು. ನಾನು ಹೋಗಿ ಆಡಿಯೂ ಬಂದೆ, ಮೊಣಕಾಲು ತರಚಿಕೊಂಡು ಬಂದೆ. ಮಾರನೆಯ ದಿನ ಅಮ್ಮ ಅರ್ಧ ದಿನ ರಜೆ ಹಾಕಿ ಶಾಲೆಗೆ ಬಂದಳು. ಅಮ್ಮನ ಹಿಂದಿ ಉಡುಪಿಯ ಬಸ್ಸಿನಲ್ಲಿ ಕೂತು ಬಂದ ಹಿಂದಿ. “ಭಯ್ಯಾ, ನಾಮ್ ಛೋಟಾ ಮತ್ ಕರೋ. ಖಾನಾ ಬಡಾ ಕರೋ,” ಎಂದಳು, ಹೆಸರು ಚಿಕ್ಕದು ಮಾಡಬೇಡಿ, ಖಾನಾ ದೊಡ್ಡದು ಮಾಡಿ ಎಂದು. ಖಾನಾ ಎಂದರೆ ಪಟ್ಟಿಯ ಮನೆಯೂ ಹೌದು, ಊಟವೂ ಹೌದು. ಗುಮಾಸ್ತರು ತಮ್ಮ ಟಿಫಿನ್ ಡಬ್ಬಿಯನ್ನು ನೋಡಿಕೊಂಡರು. ಅಮ್ಮ ಪಟ್ಟಿಯನ್ನು ಮನೆಗೆ ತಂದು, ಇಡೀ ತರಗತಿಯ ಹೆಸರುಗಳನ್ನು ಅಗಲ ಕಾಲಂ ಇಟ್ಟು ಹೊಸದಾಗಿ ಟೈಪ್ ಮಾಡಿ ಕೊಟ್ಟಳು. ಆ ವರ್ಷ ಪೂರ್ತಿ ನನ್ನ ಹೆಸರು ಪೂರ್ತಿ ಇತ್ತು. ಕಬಡ್ಡಿ ತಂಡದಿಂದ ಕೈಬಿಟ್ಟರೆಂದು ಸ್ವಲ್ಪ ಬೇಸರವೂ ಆಯಿತು ಎಂಬುದನ್ನು ಅಮ್ಮನಿಗೆ ಈವರೆಗೂ ಹೇಳಿಲ್ಲ.

ಅಪ್ಪನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅಪ್ಪ ಕುಂದಾಪುರದ ಕಡೆಯವರು. ದೆಹಲಿಯ ಒಂದು ದಕ್ಷಿಣದ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಶುರು ಮಾಡಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಪೇಪರ್ ಓದುತ್ತಿದ್ದರು, ಬರೆಯಲು ಮಾತ್ರ ಕೈ ಬರುತ್ತಿರಲಿಲ್ಲ. ಅವರ ತಾಯಿಗೆ, ಅಂದರೆ ನನ್ನ ಕುಂದಾಪುರದ ಅಜ್ಜಿಗೆ, ಓದಲು ಬರುತ್ತಿರಲಿಲ್ಲ. ಕಾಗದ ಬರೆಸಿದರೆ ಅಲ್ಲಿ ಪಕ್ಕದ ಮನೆಯವರು ಓದಿ ಹೇಳಬೇಕು. ತಾಯಿ ಮಗನ ಮಾತು ಊರಿಗೆಲ್ಲ ಯಾಕೆ ಎಂದು ಅಪ್ಪ ಒಂದು ಟೇಪ್ ರೆಕಾರ್ಡರನ್ನು ಊರಲ್ಲಿ ಕೊಟ್ಟು, ಇನ್ನೊಂದನ್ನು ಇಲ್ಲಿಟ್ಟುಕೊಂಡು, ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸತೊಡಗಿದರು. ರಜೆಗೆ ಊರಿಗೆ ಹೋಗುವ ಹೋಟೆಲಿನ ಅಡುಗೆ ಭಟ್ಟರು ಅದನ್ನು ಒಯ್ಯುತ್ತಿದ್ದರು. ಹೀಗೆ ಹನ್ನೊಂದು ಹನ್ನೆರಡು ವರ್ಷ ನಡೆಯಿತು.

ಅಪ್ಪ ತೀರಿಕೊಂಡು ಒಂದು ವರ್ಷ ಕಳೆದಿತ್ತು. ಅಮ್ಮ ಇಂದಿರಾಪುರಂನ ನಮ್ಮ ಫ್ಲ್ಯಾಟಿಗೆ ಬಂದು ಇದ್ದಳು. ನನ್ನ ಗಂಡನ ಕೆಲಸ ಹಡಗಿನ ಮೇಲೆ, ವರ್ಷದಲ್ಲಿ ಅರ್ಧ ನೀರಿನಲ್ಲೇ. ಹಾಗಾಗಿ ಮನೆಯಲ್ಲಿ ನಾನು, ಅಮ್ಮ ಮತ್ತು ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳು ಮೇಘನಾ. ಅಮ್ಮ ಮಾತು ಬಿಟ್ಟಿದ್ದಳು. ಜಗಳವಲ್ಲ, ಸಿಟ್ಟಲ್ಲ. ಕೇಳಿದ್ದಕ್ಕೆ ಹೂಂ, ಬೇಡ, ಆಯ್ತು. ಹದಿನಾಲ್ಕನೆಯ ಮಹಡಿಯ ಬಾಲ್ಕನಿಯಲ್ಲಿ ಶಾಲು ಹೊದ್ದು ಕೂತರೆ ಮಧ್ಯಾಹ್ನದವರೆಗೆ ಅಲ್ಲೇ. ಡಾಕ್ಟರು ಏನೂ ಇಲ್ಲ, ಕಾಲ ಬೇಕು ಎಂದರು. ನಾನು ಕಾಯುತ್ತಿದ್ದೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಹೂಂ ಎನ್ನುವುದೂ ಒಂದು ದಿನ ನಿಂತುಬಿಟ್ಟರೆ ಎಂದು.

ಆ ಚಳಿಗಾಲದಲ್ಲಿ ಅಪ್ಪನ ಅಣ್ಣನ ಮಗ ಮದುವೆಯೊಂದಕ್ಕೆ ದೆಹಲಿಗೆ ಬಂದವನು ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ತಂದುಕೊಟ್ಟ. ಒಳಗೆ ಅಪ್ಪನ ಹತ್ತೊಂಬತ್ತು ಕ್ಯಾಸೆಟ್ಟುಗಳಿದ್ದವು. ಕುಂದಾಪುರದ ಅಜ್ಜಿ ಒಂದನ್ನೂ ಬಿಸಾಡಿರಲಿಲ್ಲ. ಅಮ್ಮನಿಗೆ ತೋರಿಸಿದೆ. “ಒಳಗಿಡು,” ಎಂದಳು, ಮುಟ್ಟಲಿಲ್ಲ.

ನಾನು ಸಂಸ್ಥೆಯಿಂದ ಹಳೆಯ ಟೇಪ್ ಪ್ಲೇಯರ್ ತಂದು, ಲ್ಯಾಪ್‌ಟಾಪಿಗೆ ತಂತಿ ಜೋಡಿಸಿ, ಎರಡೂ ಬದಿಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದೆ. ಸದ್ದು ಬಂದ್ ಮಾಡಿಟ್ಟು ಇಳಿಸಿದೆ. ಅಪ್ಪನ ದನಿ ಕೇಳುವ ಧೈರ್ಯ ನನಗೂ ಇರಲಿಲ್ಲ. ಮೂವತ್ತೆಂಟು ಫೈಲುಗಳಾದವು. ಒಂದು, ಎರಡು, ಮೂರು ಎಂದು ಹೆಸರು ಕೊಟ್ಟಿದ್ದೆ. ಒಂದು ಭಾನುವಾರ ಬೆಳಗ್ಗೆ ಬಾಲ್ಕನಿಯ ಬಾಗಿಲ ಬಳಿ ಬಿಸಿಲಲ್ಲಿ ಕೂತು, ಇಯರ್‌ಫೋನ್ ಹಾಕಿಕೊಂಡು, ಒಂದೊಂದರ ಮೊದಲ ಮಾತನ್ನಷ್ಟೇ ಕೇಳಿ ಕನ್ನಡದಲ್ಲಿ ಹೆಸರಿಡಲು ಶುರು ಮಾಡಿದೆ. ‘ದೆಹಲಿ ಚಳಿ’, ‘ವಿಶಾಲಾಕ್ಷಿಗೆ ಜ್ವರ’, ‘ಹೊಸ ಸ್ಕೂಟರ್’. ಹತ್ತಾಯಿತು, ಹದಿನೈದಾಯಿತು. ಎಲ್ ಎಸ್ ಕೊಟ್ಟೆ.

ಪ್ರಾರ್ಥನೆಯ ಸಾಲು ಕಲ್ಲಾಪಿಲ್ಲಿಯಾಗಿತ್ತು. ಎರಡನೆಯ ಕಾಲಂ ಒಂದು ಕಡೆ ಮುಂದಕ್ಕೆ ಬಾಗಿದೆ, ಇನ್ನೊಂದು ಕಡೆ ಹಿಂದೆ ಸರಿದಿದೆ. ‘ಸ್ಕೂಟರ್’ ಪಕ್ಕದವರ ಮೈಮೇಲೆ ಬಿದ್ದಿದೆ. ಇದು ನಮ್ಮ ಕಸುಬಿನಲ್ಲಿ ಗೊತ್ತಿರುವ ಕಾಯಿಲೆಯೇ. ಅಕ್ಷರ ಎಣಿಸಿ ಜಾಗ ಬಿಡುವುದು ಒಂದು ಪ್ರೋಗ್ರಾಂ, ಅಕ್ಷರಗಳನ್ನು ಪರದೆಯ ಮೇಲೆ ಬಿಡಿಸುವುದು ಇನ್ನೊಂದು. ಇಂಗ್ಲಿಷಿನಲ್ಲಿ ಒಂದಕ್ಷರಕ್ಕೆ ಒಂದು ಮನೆ, ಜಗಳವಿಲ್ಲ. ಕನ್ನಡದಲ್ಲಿ ಒತ್ತು, ಕೊಂಬು, ಇಳಿ ಎಲ್ಲ ಸೇರಿ ಒಂದಕ್ಷರ ಎಷ್ಟು ಮನೆ ಹಿಡಿಯುತ್ತದೆಂದು ಆ ಇಬ್ಬರಿಗೂ ಒಮ್ಮತವಿಲ್ಲ. ಒಬ್ಬ ಎಣಿಸಿದ್ದು ಒಂದು, ಇನ್ನೊಬ್ಬ ಬಿಡಿಸಿದ್ದು ಇನ್ನೊಂದು.

ಅಮ್ಮ ಬಾಲ್ಕನಿಗೆ ಹೋಗುತ್ತಿದ್ದವಳು ನನ್ನ ಬೆನ್ನ ಹಿಂದೆ ನಿಂತಳು. ನಾನು ಪರದೆ ಮುಚ್ಚಬೇಕೆಂದುಕೊಂಡೆ. ಅಷ್ಟರಲ್ಲಿ ಕೇಳಿದಳು:

“ಇದನ್ನು ಯಾರು ಟೈಪ್ ಮಾಡಿದ್ದು?”

“ನಾನೇ ಅಮ್ಮ. ಅಂದ್ರೆ, ಕಂಪ್ಯೂಟರ್ ಜೋಡಿಸಿದ್ದು.”

“ಹೀಗೆ ಟೈಪ್ ಮಾಡಿ ಕೊಟ್ಟಿದ್ರೆ ನಮ್ಮ ಸೆಕ್ಷನ್ ಆಫೀಸರ್ ಹರಿದು ಹಾಕ್ತಿದ್ರು. ಸರಿ ಮಾಡು.”

ಒಂದು ವರ್ಷದಲ್ಲಿ ಅಮ್ಮ ಆಡಿದ ಅತಿ ಉದ್ದದ ಮಾತು ಅದು. ನಾನು ತಿರುಗಿ ನೋಡಲಿಲ್ಲ. ತಿರುಗಿದರೆ ನಿಂತುಹೋದೀತು ಎನಿಸಿತು. “ನನಗೆ ಬರೋದಿಲ್ಲಮ್ಮ. ಮೇಘನಾನ್ನ ಕೇಳಬೇಕು,” ಎಂದೆ. ಅದು ಸುಳ್ಳು. ಒಂದು ಸಾಲಿಗೆ ಒಂದೇ ಹೆಸರು ಬರುವ ಹಾಗೆ ಕೊಟ್ಟರೆ ಡೊಂಕೇ ಕಾಣುತ್ತಿರಲಿಲ್ಲ. ಇಪ್ಪತ್ತೈದು ವರ್ಷದ ಅನುಭವವನ್ನು ಬದಿಗಿಟ್ಟು ನಾನು ದಡ್ಡಿಯಾದೆ.

ಮೇಘನಾ ಬಂದಳು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಮಾತು ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದುಬಿಡುತ್ತದೆ. ಅಕ್ಷರ ಕಲಿಸಲು ನಾನು ಎರಡು ಬೇಸಿಗೆ ರಜೆ ಹೋರಾಡಿ ಸೋತಿದ್ದೆ.

“ಅರೆ ಅಜ್ಜಿ, ಯೇ ತೋ ಪೂರಾ ಟೇಢಾ ಹೈ,” ಎಂದಳು, ಎಲ್ಲ ಡೊಂಕು ಎಂದು. “ನಾನು ಒಂದು ಚಿಕ್ಕ ಪ್ರೋಗ್ರಾಂ ಬರೀತೀನಿ. ಆದ್ರೆ ಯಾವ ಅಕ್ಷರ ಕಿತ್ನಾ ಚೌಡಾ, ಎಷ್ಟು ಅಗಲ, ಅದು ನಂಗೆ ಗೊತ್ತಿಲ್ಲ. ನೀವು ಹೇಳ್ಬೇಕು.”

“ಕನ್ನಡ ನಾನೂ ಟೈಪ್ ಮಾಡಿದವಳಲ್ಲ,” ಎಂದಳು ಅಮ್ಮ. ಅದು ನಿಜ. ಮೂವತ್ತೆಂಟು ವರ್ಷ ಇಂಗ್ಲಿಷ್, ಕೊನೆಗೆ ಸ್ವಲ್ಪ ಹಿಂದಿ. ದೆಹಲಿಯ ಕಚೇರಿಯಲ್ಲಿ ಕನ್ನಡದ ಮೆಷಿನ್ ಎಲ್ಲಿಂದ ಬರಬೇಕು? ಸ್ವಲ್ಪ ಹೊತ್ತು ಪರದೆಯನ್ನು ನೋಡಿ, “ಕುರ್ಚಿ ತಾ,” ಎಂದಳು.

ಮುಂದಿನ ಮೂರು ವಾರ ನಮ್ಮ ಮನೆಯಲ್ಲಿ ನಡೆದದ್ದು ಇಷ್ಟೇ. ಮೇಘನಾ ಕಾಲೇಜಿನಿಂದ ಬಂದು ಚಹಾ ಕುಡಿದು ಅಜ್ಜಿಯ ಪಕ್ಕ ಕೂರುವಳು. ಒಂದೊಂದೇ ಅಕ್ಷರವನ್ನು ದೊಡ್ಡದಾಗಿ ಪರದೆಗೆ ಹಾಕುವಳು. ಅಮ್ಮ ಕನ್ನಡಕ ಏರಿಸಿ, ಕೆಳಗೆ ಒಂದು ಸಾಲು ಸೊನ್ನೆಗಳನ್ನಿಟ್ಟು ಹೋಲಿಸಿ, “ಇದಕ್ಕೆ ಎರಡು ಮನೆ,” “ಇದಕ್ಕೆ ಒಂದೇ ಸಾಕು,” “ಕ್ಷಿಗೆ ಮೂರು ಕೊಡು, ಅದಕ್ಕೆ ಉಸಿರಾಡಲು ಜಾಗ ಬೇಕು,” ಎಂದು ಹೇಳುವಳು. ನಡುವೆ ಮೇಘನಾ ಕೇಳುವಳು, “ಅಜ್ಜಿ, ಈ ಕೆಳಗೆ ಲಟಕ್ ರಹಾ ಹೈ, ಅದೇನು?” “ಅದು ಒತ್ತು. ಮೇಲಿನದಕ್ಕೆ ಆತುಕೊಂಡಿರುತ್ತೆ. ಬರೆದು ನೋಡು.” ನಾನು ಎರಡು ಬೇಸಿಗೆಯಲ್ಲಿ ಮಾಡಲಾಗದ್ದನ್ನು ಒಂದು ಡೊಂಕು ಕಾಲಂ ಮಾಡುತ್ತಿತ್ತು. ಅಡುಗೆಮನೆಯಲ್ಲಿ ನಿಂತು ಕೇಳುತ್ತ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಇಬ್ಬರೂ ಗಮನಿಸದೆ ಉಂಡರು.

ಉಳಿದ ಫೈಲುಗಳಿಗೂ ಹೆಸರು ಬೇಕಲ್ಲ. ಹೆಸರಿಗಾಗಿ ಕೇಳಬೇಕಲ್ಲ. ಒಂದು ಸಂಜೆ ಮೇಘನಾ ನನ್ನ ಅನುಮತಿ ಕೇಳದೆ ಸ್ಪೀಕರಿಗೆ ಹಾಕಿಬಿಟ್ಟಳು. ಅಪ್ಪನ ದನಿ, ಮೂವತ್ತೈದರ ವಯಸ್ಸಿನ ದನಿ, ಮನೆ ತುಂಬ ಬಂತು. “ಅಮ್ಮ, ನಾನ್ ಮಾತಾಡುದ್. ಇಲ್ಲಿ ಚಳಿ ಅಂದ್ರೆ ಚಳಿ. ಹಾಲಿಗೆ ಹೆಪ್ಪು ಹಾಕ್ರೂ ಮೊಸ್ರ್ ಆತಿಲ್ಲೆ.”

ಅಮ್ಮನ ಕೈ ಸೆರಗಿಗೆ ಹೋಯಿತು. ಮೇಘನಾ ನಿಲ್ಲಿಸಲು ಹೋದಳು.

“ನಿಲ್ಲಿಸಬೇಡ. ಅವರು ಮಾತಾಡಲಿ,” ಎಂದಳು ಅಮ್ಮ. ಪೂರ್ತಿ ಕೇಳಿದಳು. ಆಮೇಲೆ ಮೂಗು ಒರೆಸಿಕೊಂಡು, “ಹೆಸರು ‘ಆಗದ ಮೊಸರು’ ಅಂತಿಡು,” ಎಂದಳು.

ದಿನಕ್ಕೆ ಒಂದೆರಡರಂತೆ ಕೇಳುತ್ತ ಹೋದರು. ನಾನೂ ಸೇರಿಕೊಂಡೆ. ಪ್ರತಿ ಕ್ಯಾಸೆಟ್ಟಿನ ಹಿನ್ನೆಲೆಯಲ್ಲೂ ಒಂದು ಸದ್ದಿತ್ತು, ಅಂಗಳದಿಂದ ಬರುವ ಟೈಪ್‌ರೈಟರಿನದ್ದು. ಪ್ರತಿಯೊಂದರ ಕೊನೆಯಲ್ಲೂ ಅಪ್ಪ ದನಿ ಎತ್ತಿ ಕರೆಯುತ್ತಿದ್ದರು, “ಸುಮತಿ, ಬಾ, ಅಮ್ಮನ ಹತ್ರ ಎರಡ್ ಮಾತಾಡು.” ಆಗ ಟಕಟಕ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕಟಕ ಶುರು. ಅಪ್ಪ “ಅವ್ಳಿಗೆ ಕೆಲ್ಸ ಇತ್ತ್” ಎಂದು ಮುಗಿಸುತ್ತಿದ್ದರು.

“ಯಾಕೆ ಬರಲಿಲ್ಲ ಅಜ್ಜಿ ನೀವು?” ಎಂದು ಮೇಘನಾ ಕೇಳಿದಳು.

ಕಾರಣ ನನಗೆ ಗೊತ್ತಿತ್ತು. ಅಮ್ಮ ಬಾಯಿಬಿಟ್ಟು ಹೇಳಿದ್ದನ್ನು ಮಾತ್ರ ಅಂದೇ ಮೊದಲು ಕೇಳಿದ್ದು. ಕುಂದಾಪುರದ ಅಜ್ಜಿ ಒಮ್ಮೆ ಎರಡು ತಿಂಗಳು ಇರಲೆಂದು ದೆಹಲಿಗೆ ಬಂದಿದ್ದರಂತೆ. ಒಂದು ದಿನ ನಾಲ್ಕು ಜನರ ಎದುರು, “ನಮ್ಮ ಸೊಸೆ ದಿನವಿಡೀ ಗಂಡಸರ ನಡುವೆ ಕೂತು, ಅವರು ಹೇಳಿದ್ದನ್ನು ಬರೆಯುವವಳು,” ಎಂದರಂತೆ. ಬಂದವರು ನಕ್ಕರಂತೆ. ಅಮ್ಮ ಅಂದಿನಿಂದ ಅತ್ತೆಯ ಹತ್ತಿರ ಮಾತು ಬಿಟ್ಟಳು. ಅವರು ಇಪ್ಪತ್ತು ದಿನಕ್ಕೇ ಊರಿಗೆ ಹೊರಟುಹೋದರು.

“ಮೊದಲು ಸಿಟ್ಟಿತ್ತು,” ಎಂದಳು ಅಮ್ಮ. “ಆಮೇಲೆ ಸಿಟ್ಟು ಹೋಯ್ತು. ಏನು ಮಾತಾಡೋದು ಅಂತ ಗೊತ್ತಾಗಲಿಲ್ಲ. ನಿನ್ನ ಅಜ್ಜ ಕರೆದಾಗ ಪ್ರತಿ ಸಲ ಏಳಬೇಕು ಅಂತ ಕೈ ನಿಲ್ಲಿಸ್ತಿದ್ದೆ. ಅಷ್ಟರಲ್ಲಿ ಅತ್ತೆ ಹೋಗಿಬಿಟ್ರು.”

ಕೊನೆಯ ಕ್ಯಾಸೆಟ್ಟಿನಲ್ಲಿ ಅಪ್ಪ ನನ್ನ ಹನ್ನೆರಡನೆಯ ತರಗತಿಯ ಪರೀಕ್ಷೆಯ ಸುದ್ದಿ ಹೇಳುತ್ತಾರೆ. ಅದನ್ನು ಕಳಿಸಿದ ಕೆಲವು ವಾರಗಳಲ್ಲೇ ಕುಂದಾಪುರದ ಅಜ್ಜಿ ತೀರಿಕೊಂಡದ್ದು. ಅದಕ್ಕೆ ‘ಪರೀಕ್ಷೆ’ ಎಂದು ಹೆಸರಿಟ್ಟಾಯಿತು. ಉಳಿದದ್ದು ಅದರ ಹಿಂಬದಿ. ಉಳಿದವುಗಳ ಹಿಂಬದಿಗಳೆಲ್ಲ ಖಾಲಿಯಿದ್ದವು, ಇಲ್ಲವೇ ಊರಲ್ಲಿ ಯಾರೋ ರೇಡಿಯೋದಿಂದ ಹಿಡಿದ ಭಜನೆಗಳಿದ್ದವು. ಇದೂ ಹಾಗೇ ಎಂದುಕೊಂಡು ಮೇಘನಾ ಮುಂದೆ ಓಡಿಸುತ್ತಿದ್ದಳು. ತಟ್ಟನೆ ಒಂದು ಮುದಿ ದನಿ ಬಂತು. ಹಿಂದಕ್ಕೆ ತಂದು ಮೊದಲಿನಿಂದ ಹಾಕಿದಳು.

“ಸುಮತೀ, ನಾನ್ ನಿನ್ನತ್ತೆ ಮಾತಾಡುದ್. ಈ ಗುಂಡಿ ಒತ್ತಿದ್ ಸಮಾ ಆಯ್ತಾ ಇಲ್ಯಾ ಗೊತ್ತಿಲ್ಲೆ. ಅವ ಮಾತಾಡುವಾಗ ಹಿಂದೆ ನಿನ್ ಟಕಟಕ ಕೇಣತ್ತ್. ಮೊದ್ಲ್ ಸಿಟ್ ಬರ್ತಿತ್ತ್. ಈಗ ಅದ್ ಕೇಣದಿದ್ರೆ ಮನ್ಸಿಗೆ ಸಮಾಧಾನ ಇಲ್ಲೆ. ನಡುವೆ ಅದ್ ನಿಲ್ಲತ್ತಲ್ಲ, ಆಗ ನೀ ಏಳ್ತೆ ಅಂದೇಳಿ ನಾನ್ ಇಲ್ಲಿ ಕಾಯ್ತೆ. ಅವತ್ತ್ ನಾಲ್ಕ್ ಜನರೆದ್ರ್ ಹಾಂಗ್ ಹೇಳದ್ ನಂದ್ ತಪ್ಪ್. ಮಾತಾಡುಕೆ ಮನಸ್ಸಿಲ್ದಿದ್ರೆ ಬ್ಯಾಡ. ನೀ ಟೈಪ್ ಮಾಡ್.”

ಅಷ್ಟೇ. ಮತ್ತೆ ಹೊರಗೆಲ್ಲೋ ಕಾಗೆ ಕೂಗುವುದು, ಯಾರೋ ಬಾವಿಗೆ ಕೊಡ ಬಿಡುವುದು, ಕೊನೆಯವರೆಗೆ. ಅವರಿಗೆ ನಿಲ್ಲಿಸುವ ಗುಂಡಿ ಗೊತ್ತಿರಲಿಲ್ಲವೇನೋ. ಕ್ಯಾಸೆಟ್ಟನ್ನು ಯಾರ ಕೈಗಾದರೂ ಕೊಡುವ ಮೊದಲೇ ಹೋಗಿರಬೇಕು. ಆ ಮಾತು ಮೂವತ್ತಕ್ಕೂ ಹೆಚ್ಚು ವರ್ಷ ಬಿಸ್ಕತ್ತಿನ ಡಬ್ಬಿಯೊಳಗಿತ್ತು.

ಅಮ್ಮ ಅಳಲಿಲ್ಲ. ಬಹಳ ಹೊತ್ತು ತನ್ನ ಎರಡು ಕೈಗಳನ್ನೂ ಮೇಜಿನ ಮೇಲಿಟ್ಟುಕೊಂಡು ಅವನ್ನೇ ನೋಡುತ್ತಿದ್ದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಎಲುಬು ಸಿಗುವಷ್ಟು ಸಣ್ಣಗಾಗಿದ್ದಾಳೆಂದು ಆಗಲೇ ಗೊತ್ತಾಯಿತು. ಕೆಳಗೆ ಸೊಸೈಟಿಯ ಗೇಟಿನ ಬಳಿ ತರಕಾರಿ ಭಯ್ಯಾ ಮಟರ್ ಎಂದು ಬಟಾಣಿ ಕೂಗುತ್ತಿದ್ದ. ಸಾಮಾನ್ಯವಾಗಿ ಆ ಕೂಗಿಗೆ ಓಡುವವಳು ನಾನು. ಅಂದು ಕೂತಲ್ಲೇ ಕೂತೆ.

“ಮೇಘನಾ,” ಎಂದಳು ಅಮ್ಮ ಕೊನೆಗೆ, “ನಿನ್ನ ಫೋನಿನಲ್ಲಿ ರೆಕಾರ್ಡ್ ಆಗುತ್ತಾ?”

“ಹೋಗುತ್ತೆ ಅಜ್ಜಿ,” ಎಂದಳು ಮೇಘನಾ. ‘ಹೋ ಜಾಯೇಗಾ’, ಅಂದರೆ ಆಗುತ್ತದೆ, ಎನ್ನುವುದನ್ನು ಅವಳು ಕನ್ನಡಕ್ಕೆ ತರುವುದೇ ಹಾಗೆ. ಯಾರೂ ತಿದ್ದಲಿಲ್ಲ. ಫೋನನ್ನು ಅಜ್ಜಿಯ ಮುಂದೆ ಇಟ್ಟು ಕೆಂಪು ಗುಂಡಿ ಒತ್ತಿದಳು.

ಅಮ್ಮ ಸೆರಗು ಸರಿ ಮಾಡಿಕೊಂಡಳು. “ಅತ್ತೆ, ನಾನು ಸುಮತಿ,” ಎಂದಳು. ಫೋನಿನಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಮೇಘನಾ ನನ್ನ ಮುಖ ನೋಡಿದಳು, ನಾನು ಇರಲಿ ಎಂದು ಕೈ ಮಾಡಿದೆ. ಅರ್ಧ ನಿಮಿಷವಾಗಿರಬಹುದು. “ನಿಮ್ಮ ಮಗ ನನ್ನನ್ನು ಚೆನ್ನಾಗಿ ನೋಡಿಕೊಂಡರು. ಹೋದ ವರ್ಷ ಹೋದರು. ನಿಮಗೆ ಅಲ್ಲಿ ಸಿಕ್ಕಿರಬೇಕು,” ಎಂದಳು. ಅಲ್ಲಿಂದ ಮಾತು ಸಲೀಸಾಯಿತು. ಅಪ್ಪನ ಕೊನೆಯ ಕಾಯಿಲೆ, ನನ್ನ ಕೆಲಸ, ಲಿಫ್ಟ್ ಕೆಟ್ಟು ಹದಿನಾಲ್ಕು ಮಹಡಿ ಹತ್ತಿದ್ದು, ಮೊಮ್ಮಗಳಿಗೆ ಉದ್ದಿನ ದೋಸೆ ಸೇರುವುದಿಲ್ಲ ಎಂಬ ದೂರು, ಎಲ್ಲ ಬಂತು. ಒಂದು ವರ್ಷ ನಮಗೆ ಹೇಳದೆ ಒಳಗಿಟ್ಟುಕೊಂಡದ್ದನ್ನೆಲ್ಲ ಅತ್ತೆಗೆ ಹೇಳಿದಳು. ನಾವಿಬ್ಬರೂ ಕದಲದೆ ಕೇಳಿದೆವು.

ಮುಗಿದ ಮೇಲೆ ಫೈಲನ್ನು ಅದೇ ಫೋಲ್ಡರಿಗೆ ಹಾಕಿದರು. “ಹೆಸರು ನೀನೇ ಬರಿ,” ಎಂದಳು ಅಮ್ಮ ಮೊಮ್ಮಗಳಿಗೆ. “ಅತ್ತೆಗೆ ಉತ್ತರ ಅಂತ.”

ಮೇಘನಾ ನಾಲಿಗೆ ಕಚ್ಚಿಕೊಂಡು, ಒಂದೊಂದೇ ಕೀಲಿ ಹುಡುಕಿ ಬರೆದು, ತನ್ನ ಪ್ರೋಗ್ರಾಂ ಓಡಿಸಿದಳು. ಮೂವತ್ತೊಂಬತ್ತು ಹೆಸರುಗಳು ನೆಟ್ಟಗೆ ಮೂರು ಕಾಲಂಗಳಲ್ಲಿ ನಿಂತವು. ಮೊದಲ ಕಾಲಂನ ಮೇಲ್ತುದಿಯಲ್ಲೇ ಹೊಸದು: ‘ಅತೆಗೆ ಉತ್ತರ’. ಉತ್ತರಕ್ಕೆ ಒತ್ತು ಕೊಟ್ಟವಳು ಅತ್ತೆಗೆ ಮರೆತಿದ್ದಳು.

ಅಮ್ಮ ಕನ್ನಡಕ ಏರಿಸಿ ಓದಿದಳು. ಒಂದು ಅಕ್ಷರ ತಪ್ಪಿದರೆ ಇಡೀ ಹಾಳೆಯನ್ನು ಹೊಸದಾಗಿ ಟೈಪ್ ಮಾಡುತ್ತಿದ್ದವಳು. ಅವಳ ಕಣ್ಣು ಆ ‘ತೆ’ಯ ಮೇಲೆ ನಿಂತದ್ದನ್ನು ನಾನು ನೋಡಿದೆ.

“ಸರಿಯಾಗಿದೆಯಾ ಅಜ್ಜಿ?” ಎಂದು ಮೇಘನಾ ಕೇಳಿದಳು.

“ಸರಿಯಾಗಿದೆ,” ಎಂದಳು ಅಮ್ಮ.